ವಿದ್ಯಾನಗರದ ಭಾನುವಾರದ ಮಣ್ಣಿನ ಕ್ಲಾಸ್: ಧ್ಯಾನ ಸುಮಾರು, ಮಣ್ಣು ಭೇಷ್

ಬೋರ್ಡ್ ಮೇಲೆ ‘ಮೈಂಡ್‌ಫುಲ್‌ನೆಸ್ ಮತ್ತು ಸೃಜನಶೀಲತೆ, ಇಡೀ ಕುಟುಂಬಕ್ಕೆ’ ಅಂತ ಬರೆದಿದ್ದಾರೆ. ಮೈಂಡ್‌ಫುಲ್‌ನೆಸ್ ಅಂದ್ರೆ ಆ ಕ್ಷಣದ ಮೇಲೇ ಪೂರ್ತಿ ಗಮನ ಇಡೋದು. ನಮ್ಮನೆಯವಳು ಹೆಸರು ಬರೆಸಿ, ದುಡ್ಡು ಕಟ್ಟಿ ಬಂದಮೇಲೇ ನನಗೆ ಗೊತ್ತಾಗಿದ್ದು. ನಾನು ದಾವಣಗೆರೆ ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯವನು. ಸುಗ್ಗಿ ಬಂತು ಅಂದ್ರೆ ಫೋನು ಕಿವಿಯಿಂದ ಕೆಳಗಿಳಿಯಲ್ಲ. ಈ ಕ್ಲಾಸಿನ ಬಾಗಿಲಲ್ಲೇ ಬಿದಿರಿನ ಬುಟ್ಟಿ ಇಟ್ಟಿದ್ದಾರೆ, ಫೋನು ಅದಕ್ಕೆ ಹಾಕಿಯೇ ಒಳಗೆ ಹೋಗಬೇಕು. ದೊಡ್ಡವರಿಗೂ ವಿನಾಯಿತಿ ಇಲ್ಲ.

ಮೊದಲರ್ಧ ಧ್ಯಾನ. ಅಂಗೈಗೆ ಒಂದೇ ಒಂದು ಒಣದ್ರಾಕ್ಷಿ ಕೊಟ್ಟು, ನೋಡಿ, ಮೂಸಿ, ನಿಧಾನಕ್ಕೆ ಅಗಿಯಿರಿ ಅಂತಾರೆ. ಜಾನ್ ಕಬಾಟ್-ಜಿನ್ ಅನ್ನೋರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಎಷ್ಟು ಔಷಧ ಮಾಡಿದರೂ ನೋವು ಬಿಡದ ರೋಗಿಗಳಿಗಾಗಿ ಶುರುಮಾಡಿದ ಎಂಟು ವಾರದ ತರಬೇತಿಯಿಂದ ಬಂದ ಪಾಠ ಇದು. ದೊಡ್ಡವರಿಗೆ ಸರಿ. ನನ್ನ ಮಗ ಮಾತ್ರ ಗುಳುಂ ಅಂತ ನುಂಗಿ ಇನ್ನೊಂದು ಕೇಳಿದ. ಮಂಡಕ್ಕಿ-ಮೆಣಸಿನಕಾಯಿ ಊರಿನ ಹುಡುಗ, ಒಂದೊಂದೇ ಕಾಳು ತಿನ್ನು ಅಂದ್ರೆ ಹೇಗೆ? ಆಮೇಲೆ ಇಂಗ್ಲಿಷ್ ರೆಕಾರ್ಡಿಂಗ್, ಹಿಂದೆ ಕೊಳಲು, ‘ಸಮುದ್ರದ ಅಲೆ ನೆನೆಯಿರಿ’ ಅಂತ. ಸಮುದ್ರ ನೋಡದ ಮಕ್ಕಳು ಕಿಸಿಕಿಸಿ ನಗ್ತಾವೆ. ನಮ್ಮೂರ ಕುಂದವಾಡ ಕೆರೆ ಅಂದಿದ್ರೆ ಕಣ್ಣಿಗೆ ಕಟ್ಟುತ್ತಿತ್ತು.

ಮಣ್ಣಿಗೆ ಕೈ ಹಾಕಿದಮೇಲೆ ಕ್ಲಾಸೇ ಬೇರೆ. ಕಲಿಸೋರು ನಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದವರು, 1964ರಲ್ಲಿ ಶುರುವಾದ ಕಾಲೇಜು ಅದು. ಮಾತು ಕಮ್ಮಿ, ಕಟ್ಟುನಿಟ್ಟು ಜಾಸ್ತಿ. ಅಪ್ಪ-ಅಮ್ಮ ತಮ್ಮದೇ ಗೊಂಬೆ ಮಾಡಬೇಕು, ಮಗುವಿನ ಮಣ್ಣು ಮುಟ್ಟಂಗಿಲ್ಲ. ‘ಚೆನ್ನಾಗಿದೆ’, ‘ಹಿಂಗಲ್ಲ ಹಂಗೆ’ ಎರಡೂ ಬಂದ್. ಪಕ್ಕದಲ್ಲಿದ್ದ ಒಬ್ಬರು ಮಗಳ ಆನೆಯ ಸೊಂಡಿಲು ನೆಟ್ಟಗೆ ಮಾಡಲು ಕೈ ಚಾಚಿದರು. ಮೇಷ್ಟ್ರು ಏನೂ ಅನ್ನದೆ ಆ ಕೈಗೇ ಇನ್ನೊಂದು ಉಂಡೆ ಮಣ್ಣು ಇಟ್ಟು ಹೋದರು.

ನನ್ನ ಕೈ ತಾನಾಗೇ ಎತ್ತು ಮಾಡಿತು. ಜಗಳೂರು ಕಡೆಯ ನಮ್ಮ ಹಳ್ಳೀಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಮೇವು ಹಾಕೋ ಗೋದಲಿ ಎಲ್ಲಾ ಮಾಡಿ ಪೂಜೆಗಿಡ್ತಿದ್ವಿ. ಪೇಟೆಯಲ್ಲಿ ಹುಟ್ಟಿದ ಮಗನಿಗೆ ಅದು ಗೊತ್ತಿಲ್ಲ. “ಅಪ್ಪಾಜಿ, ನಿಮ್ಮನೇಲಿ ನಿಜವಾದ ಎತ್ತಿದ್ವಾ?” ಅಂದ. ಅವುಗಳ ಹೆಸರು, ಯಾವುದು ಹಾಯ್ತಿತ್ತು, ಟ್ರ್ಯಾಕ್ಟರ್ ಬಂದಾಗ ಯಾರಿಗೆ ಮಾರಿದ್ವಿ, ಎಲ್ಲಾ ಕೆದಕಿ ಕೇಳಿದ. ಮನೇಲಿ ಹೋಂವರ್ಕ್ ಆಯ್ತಾ, ಊಟ ಆಯ್ತಾ ಅನ್ನೋದು ಬಿಟ್ಟು ನಮ್ಮಿಬ್ಬರ ನಡುವೆ ಇಷ್ಟು ಮಾತು ಬೆಳೆಯಲ್ಲ.

ಗಮನ ಅನ್ನೋದೂ ಇಲ್ಲೇ ಸಿಗೋದು. ಮಣ್ಣನ್ನ ಚಪಾತಿ ಹಿಟ್ಟಿನ ಹಾಗೆ ನಾದಿ ಗಾಳಿ ತೆಗೀಬೇಕು. ಕೋಡು ಅಂಟಿಸೋ ಜಾಗದಲ್ಲಿ ಗೀರು ಹಾಕಿ ನೀರುಮಣ್ಣು ಬಳೀಬೇಕು, ಇಲ್ಲದಿದ್ರೆ ಒಣಗಿದಾಗ ಕಳಚಿ ಬೀಳುತ್ತೆ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಬಿರುಕು ಬಿಡುತ್ತೆ, ಅದಕ್ಕೇ ನೆರಳು. ಮೆಕ್ಕೆಜೋಳದ ರೇಟು ನೆನೆದುಕೊಂಡು ಇದನ್ನ ಮಾಡೋಕಾಗಲ್ಲ.

ಕೊರತೆ ಇವೆ. ತಾಯಿ-ಮಗು ಅಥವಾ ತಂದೆ-ಮಗು ಜೋಡಿಗೆ ತಿಂಗಳಿಗೆ 1,200 ರೂಪಾಯಿ, ಭಟ್ಟಿಯಲ್ಲಿ ಸುಡಿಸಲು ಬೇರೆ ದುಡ್ಡು. ಅದನ್ನ ಮೊದಲೇ ಹೇಳಬೇಕಿತ್ತು. ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿರೋ ಅಜ್ಜ-ಅಜ್ಜಿಯರಿಗೆ ಕಷ್ಟ. ಕೈ ತೊಳೆಯಲು ಒಂದೇ ನಲ್ಲಿ, ಕೊನೆಗೆ ಪಾಳಿ ನಿಲ್ಲಬೇಕು.

ನಮ್ಮನೆಯವಳಿಗೆ ನನ್ನ ವಿಮರ್ಶೆ ಒಪ್ಪಿಗೆ ಇಲ್ಲ. ವಾರದಲ್ಲಿ ಯಾರೂ ತನ್ನನ್ನ ಕರೆಯದ ಅರ್ಧ ಗಂಟೆ ಅದೊಂದೇ, ರೆಕಾರ್ಡಿಂಗ್ ಯಾವ ಭಾಷೆಯಲ್ಲಿದ್ರೆ ಏನು ಅಂತಾಳೆ. ಹಾಗಾಗಿ ಧ್ಯಾನಕ್ಕೆ ಅಂಕ ಅವಳನ್ನೇ ಕೇಳಿ. ಮಣ್ಣಿಗೆ ನನ್ನ ಕಡೆಯಿಂದ ಐದಕ್ಕೆ ಐದು. ಹೋಗೋರು ಬಿಳಿ ಅಂಗಿ ಹಾಕ್ಕೊಂಡು ಹೋಗಬೇಡಿ, ಒಂದು ಹಳೇ ಟವೆಲ್ ಜೊತೆಗಿರಲಿ.