‘ಕೂತಿತಲ್ಲಾ ಅಣ್ಣಾ’ ಎಂದರು, ಕೂತಿರಲಿಲ್ಲ: ಸೈಕಲ್ಲಿಗೆ ಹಿಂದಿನ ಚಕ್ರ ಕೊಳ್ಳುವವರಿಗೆ ಎಚ್ಚರಿಕೆ

ಮೌಂಟನ್ ಬೈಕಿನ ಹಿಂದಿನ ಚಕ್ರವನ್ನು ಬದಲಾಯಿಸಲು ಹೊರಟಿರುವ ಕಾಸರಗೋಡಿನ ಕಡೆಯ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. 6,800 ರೂಪಾಯಿ ಕೊಟ್ಟು ಹೊಸ ಚಕ್ರವೆಂದು ನಾನು ತಂದದ್ದು ಹೊಸದೂ ಆಗಿರಲಿಲ್ಲ, ನನ್ನ ಸೈಕಲ್ಲಿನ ಅಳತೆಯದೂ ಆಗಿರಲಿಲ್ಲ. ಅಳತೆ ತಿಳಿಯದೆ ಮೋಸಹೋಗಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಅಳತೆಯನ್ನು ನಾನೇ ಸ್ಕೇಲ್ ಹಿಡಿದು ತೆಗೆದಿದ್ದೆ, ನಾನೇ ಬರೆದು ಕಳುಹಿಸಿದ್ದೆ, ಅದಕ್ಕೆ ಅಂಗಡಿಯವರು ಒಪ್ಪಿಗೆಯನ್ನೂ ಕೊಟ್ಟಿದ್ದರು. ಆಮೇಲೂ ಹೀಗಾಯಿತು.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಪೊಸಡಿ ಗುಂಪೆಯಿಂದ ಇಳಿಯುವಾಗ, ನೀರು ಕೊರೆದ ದಾರಿಯಲ್ಲಿ ಎದ್ದು ನಿಂತಿದ್ದ ಮುರಕಲ್ಲಿನ ಅಂಚಿಗೆ ಹಿಂದಿನ ಚಕ್ರ ಬಡಿಯಿತು. ರಿಮ್ಮಿನ ಅಂಚು ಒಳಕ್ಕೆ ಮಡಚಿ, ಎರಡು ಕಡ್ಡಿಗಳು ತುಂಡಾಗಿ, ಚಕ್ರವು ಫ್ರೇಮಿಗೆ ಉಜ್ಜುವಷ್ಟು ಔಟ್ ಆಗಿತ್ತು. ಬದಿಯಡ್ಕದಲ್ಲಿ ನಾವೆಲ್ಲ ‘ಇಚ್ಚ’ ಎಂದೇ ಕರೆಯುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಕಡ್ಡಿ ಎಳೆದು ಔಟ್ ತೆಗೆಯಬಹುದಾದರೂ ಮಡಚಿದ ರಿಮ್ಮನ್ನು ನಂಬಿ ಮತ್ತೆ ಗುಡ್ಡ ಹತ್ತಬಾರದೆಂದು ಅವರು ಹೇಳಿದರು. ಚಕ್ರದ ನಡುವಿನ ಹಬ್ಬಿನಲ್ಲಿ ಹಲ್ಲುಚಕ್ರಗಳನ್ನು ಹೊತ್ತು ತಿರುಗುವ ಫ್ರೀಹಬ್ ಮೊದಲಿನಿಂದಲೂ ಆಗಾಗ ಜಾರುತ್ತಿದ್ದುದರಿಂದ ಚಕ್ರವನ್ನೇ ಪೂರ್ತಿಯಾಗಿ ಬದಲಾಯಿಸುವುದು ಒಳ್ಳೆಯದೆಂದು ಇಬ್ಬರಿಗೂ ತೋರಿತು. ಆದರೆ ಅವರು ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೋಗುವವರಿದ್ದರು, ಮೂರು ವಾರ ಕಾಯಿರಿ ಎಂದರು. ನಾನು ಕಾಯಲಿಲ್ಲ. ಚಂದ್ರಗಿರಿ ಹೊಳೆಯ ದಕ್ಷಿಣಕ್ಕಿರುವ ಒಂದು ಪಟ್ಟಣದ ಅಂಗಡಿಯ ನಂಬರು ಯಾರಿಂದಲೋ ಸಿಕ್ಕಿತು, ಅಲ್ಲಿಗೆ ವಾಟ್ಸಾಪ್ ಮಾಡಿದೆ. ದೂರು ಕೊಟ್ಟಿರುವುದರಿಂದ ಆ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ನಾನು ಕಳುಹಿಸಿದ ಸಂದೇಶ ಈಗಲೂ ಫೋನಿನಲ್ಲಿದೆ. 29 ಇಂಚಿನ ಚಕ್ರ, ಟಯರಿನ ಮೇಲೆ 57-622 ಎಂದಿದೆ, 32 ಕಡ್ಡಿ, ಆರು ಬೋಲ್ಟಿನ 160 ಮಿಲಿಮೀಟರ್ ಡಿಸ್ಕ್, ಶಿಮಾನೊ ಮಾದರಿಯ 9 ಸ್ಪೀಡ್ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು), ಕ್ವಿಕ್ ರಿಲೀಸ್ ಆಕ್ಸಲ್ (ಲಿವರ್ ತಿರುಗಿಸಿ ಬಿಚ್ಚುವಂಥದ್ದು), ಫ್ರೇಮಿನ ಹಿಂದಿನ ಎರಡು ಕಾಲುಗಳ ಒಳಗಿನ ಅಂತರ 135 ಮಿಲಿಮೀಟರ್. ಇಷ್ಟನ್ನೂ ಬರೆದಿದ್ದೆ, 135 ಎಂಬುದನ್ನು ಎರಡು ಸಲ ಬರೆದಿದ್ದೆ. ಅದಕ್ಕೆ ಬಂದ ಉತ್ತರ ಒಂದು ಹೆಬ್ಬೆರಳಿನ ಗುರುತು, ಅದರ ಕೆಳಗೆ ಒಂದು ವಾಕ್ಯ: ‘ಇದೇ ಇದೆ ಅಣ್ಣಾ, ಹೊಸ ಸ್ಟಾಕ್, ಡಬಲ್ ವಾಲ್ ರಿಮ್ಮು, ಸೀಲ್ಡ್ ಬೇರಿಂಗು, ಸೈಕಲ್ ತನ್ನಿ, ನಾನೇ ಕೂರಿಸಿ ಕೊಡುತ್ತೇನೆ.’

ಈ ಅಳತೆಗಳ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಮೋಸವೆಲ್ಲ ನಡೆದದ್ದು ಅಲ್ಲಿಯೇ. ರಿಮ್ಮಿನ ವಿಷಯದಲ್ಲಿ ತಪ್ಪಾಗುವುದು ಕಷ್ಟ, 26 ಇಂಚಿನದಕ್ಕೆ 559, ಇಪ್ಪತ್ತೇಳೂವರೆಯದಕ್ಕೆ 584, 29ರದ್ದಕ್ಕೆ 622 ಎಂಬ ಸಂಖ್ಯೆ ಟಯರಿನ ಮೇಲೆಯೇ ಇರುತ್ತದೆ, ತಪ್ಪಿದರೆ ಟಯರೇ ಏರುವುದಿಲ್ಲ. ಕಣ್ಣಿಗೆ ಬೀಳದ ಅಳತೆಯೆಂದರೆ ಹಬ್ಬಿನ ಅಗಲ, ಅದು ಫ್ರೇಮಿನ ಕಾಲುಗಳ ಅಂತರಕ್ಕೆ ಸರಿಯಾಗಿರಬೇಕು. 142 ಮತ್ತು 148 ಮಿಲಿಮೀಟರಿನ ಹಬ್ಬುಗಳಿಗೆ ಬೆರಳು ದಪ್ಪದ ಥ್ರೂ ಆಕ್ಸಲ್ ಇರುವುದರಿಂದ ಅವು ಕ್ವಿಕ್ ರಿಲೀಸಿನ ಫ್ರೇಮಿನವಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಇತ್ತೀಚಿನ ಕೆಲವು ಸೈಕಲ್ಲುಗಳಿಗೆ 141 ಮಿಲಿಮೀಟರಿನ ಹಬ್ಬು ಬರುತ್ತದೆ, ಅದೂ ಕ್ವಿಕ್ ರಿಲೀಸಿನದೇ, ಅದರ ತೆಳುವಾದ ಸರಳೂ ಲಿವರೂ ತೀರಾ ನಮ್ಮ 135ರದ್ದರಂತೆಯೇ ಕಾಣುತ್ತವೆ. ಪಕ್ಕಪಕ್ಕದಲ್ಲಿ ಇಟ್ಟರೂ ಸ್ಕೇಲ್ ಇಲ್ಲದೆ ಗೊತ್ತಾಗುವುದಿಲ್ಲ. ನಾನು ಫ್ರೇಮನ್ನು ಅಳೆದಿದ್ದೆ, ಚಕ್ರವನ್ನು ಅಳೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಂಗಡಿಗೆ ಸೈಕಲ್ಲನ್ನು ಸ್ನೇಹಿತರ ಪಿಕಪ್ಪಿನಲ್ಲಿ ಹಾಕಿಕೊಂಡು ಹೋದೆ. ಚಕ್ರವು ಪ್ಲಾಸ್ಟಿಕ್ಕಿನಲ್ಲಿ ಸುತ್ತಿತ್ತು, ರಿಮ್ಮಿನ ಮೇಲಿನ ಸ್ಟಿಕ್ಕರು ಹೊಳೆಯುತ್ತಿತ್ತು, ಕೈಯಲ್ಲಿ ತಿರುಗಿಸಿದಾಗ ಬೇರಿಂಗು ನುಣ್ಣಗೆ ಓಡಿತು. ನಾನು ಇನ್ನೂ ನೋಡಬೇಕೆನ್ನುವಷ್ಟರಲ್ಲಿ ಅವರು ನನ್ನ ಹಳೆಯ ಚಕ್ರದಿಂದ ಕ್ಯಾಸೆಟ್ ಮತ್ತು ಡಿಸ್ಕ್ ಬಿಚ್ಚುವುದಕ್ಕೆಂದು ಎರಡನ್ನೂ ಒಳಗಿನ ಕೋಣೆಗೆ ಒಯ್ದರು. ನನಗೆ ಕುರ್ಚಿ ಹಾಕಿಸಿ, ಚಹಾ ತರಿಸಿದರು. ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ಕ್ಯಾಸೆಟ್ ಏರಿಸಿದ ಚಕ್ರದೊಡನೆ ಹೊರಬಂದು, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಒಂದು ಕಡೆಯನ್ನು ಕೂರಿಸಿ, ಇನ್ನೊಂದು ಕಡೆಯ ಕಾಲನ್ನು ಅಂಗೈಯಿಂದ ಹೊರಕ್ಕೆ ಎಳೆದು ಹಿಡಿದು ಚಕ್ರವನ್ನು ಒಳಕ್ಕೆ ನೂಕಿದರು. ಬಿಗಿಯಿದೆಯಲ್ಲ ಎಂದು ನಾನು ಕೇಳಿದೆ. ‘ಹೊಸ ಚಕ್ರ ಬಿಗಿಯೇ ಇರುತ್ತದೆ ಅಣ್ಣಾ, ನೋಡಿ, ಕೂತಿತಲ್ಲಾ’ ಎಂದರು. ಆ ಎಳೆತವನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಸುಮ್ಮನಿದ್ದೆ, ಏಕೆಂದರೆ ಅವರು ಅದನ್ನು ದಿನವೂ ಮಾಡುವ ಕೆಲಸದಂತೆ ಮಾಡಿದರು.

ಹಣವನ್ನು ಫೋನಿನಿಂದಲೇ ಕೊಟ್ಟೆ, ಅದು ಹೋದದ್ದು ಅಂಗಡಿಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಖಾತೆಗೆ. ಬಿಲ್ ಎಂದು ಸಿಕ್ಕಿದ್ದು ಸಣ್ಣ ಚೀಟಿ, ಅದರಲ್ಲಿ ‘ವೀಲ್ 1, 6800’ ಎಂದು ಇಂಗ್ಲಿಷಿನಲ್ಲಿ ಬರೆದದ್ದು ಬಿಟ್ಟರೆ ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, ತಾರೀಕೂ ಇಲ್ಲ. ಸಹಕಾರಿ ಸಂಘದ ಕೌಂಟರಿನಲ್ಲಿ ಕುಳಿತು ಹತ್ತು ರೂಪಾಯಿಗೂ ರಸೀದಿ ಬರೆಯುವವನು ನಾನು. ಅಂಥ ನಾನೇ ಆ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಬಂದೆ.

ಎರಡನೆಯ ದಿನದಿಂದಲೇ ಬ್ರೇಕ್ ಹಿಡಿಯದಿದ್ದರೂ ಡಿಸ್ಕ್ ಪ್ಯಾಡಿಗೆ ಉಜ್ಜುವ ಸದ್ದು ಶುರುವಾಯಿತು. ಗೇರು ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಹಾರುತ್ತಿತ್ತು. ಪಂಕ್ಚರಾದಾಗ ಚಕ್ರವನ್ನು ಬಿಚ್ಚಿ ಮತ್ತೆ ಹಾಕಲು ಒಬ್ಬನಿಂದ ಆಗಲಿಲ್ಲ, ಪಕ್ಕದ ಮನೆಯ ಹುಡುಗನನ್ನು ಕರೆದು ಎರಡು ಕಾಲುಗಳನ್ನೂ ಎಳೆದು ಹಿಡಿಯಲು ಹೇಳಬೇಕಾಯಿತು. ಅಂದೇ ಸಂದೇಹ ಗಟ್ಟಿಯಾಯಿತು. ಇಚ್ಚ ಕೆಲಸಕ್ಕೆ ಮರಳಿದ ಮೊದಲ ದಿನವೇ ಸೈಕಲ್ಲನ್ನು ಅವರ ಮುಂದೆ ನಿಲ್ಲಿಸಿದೆ.

ಅವರು ಚಕ್ರವನ್ನು ಬಿಚ್ಚಿ, ಆಕ್ಸಲಿನ ಎರಡು ತುದಿಗಳಲ್ಲಿ ಫ್ರೇಮಿನ ಒಳಮೈಗೆ ತಾಗಿ ನಿಲ್ಲುವ ಲಾಕ್‌ನಟ್ಟುಗಳ ಹೊರಮೈಯಿಂದ ಹೊರಮೈಗೆ ವರ್ನಿಯರ್ ಹಿಡಿದರು. ‘ನೀವೇ ಓದಿ’ ಎಂದು ನನ್ನ ಕೈಗೆ ಕೊಟ್ಟರು. 141. ಆರು ಮಿಲಿಮೀಟರ್ ಹೆಚ್ಚು. ಇಷ್ಟು ದಿನ ನಾನು ಓಡಿಸಿದ್ದು ಫ್ರೇಮಿನ ಕಾಲುಗಳನ್ನು ಆರು ಮಿಲಿಮೀಟರ್ ಸೀಳಿ ಹಿಡಿದ ಸೈಕಲ್ಲನ್ನು. ಕಾಲು ಹೊರಕ್ಕೆ ವಾಲಿದಾಗ ಅದರ ಮೇಲಿರುವ ಬ್ರೇಕಿನ ಕ್ಯಾಲಿಪರೂ ವಾಲುತ್ತದೆ, ಇನ್ನೊಂದು ಕಾಲಿನಲ್ಲಿ ಗೇರು ಬದಲಿಸುವ ಡಿರೇಲರ್ ತೂಗುವ ಹ್ಯಾಂಗರೂ ವಾಲುತ್ತದೆ, ಕ್ಯಾಸೆಟ್ ಮೂರು ಮಿಲಿಮೀಟರ್ ಹೊರಗೆ ಹೋಗಿ ಸರಪಳಿ ಓರೆಯಾಗುತ್ತದೆ ಎಂದು ಅವರು ಒಂದೊಂದನ್ನೇ ಮುಟ್ಟಿ ತೋರಿಸಿದರು. ನನ್ನ ಎಲ್ಲ ಸದ್ದುಗಳಿಗೂ ಅಲ್ಲಿ ಉತ್ತರವಿತ್ತು. ಹಿಂದಿನ ಕಾಲದ ಉಕ್ಕಿನ ಸೈಕಲ್ಲಾದರೆ ಬಗ್ಗಿಸಿದರೂ ತಾಳುತ್ತಿತ್ತು, ಅಲ್ಯೂಮಿನಿಯಂ ಫ್ರೇಮನ್ನು ಹೀಗೆ ಎಳೆಯಬಾರದು, ಬೆಸುಗೆಯ ಬಳಿ ಬಿರುಕು ಬಿಟ್ಟರೆ ಇಳಿಜಾರಿನಲ್ಲಿಯೇ ತಿಳಿಯುವುದು ಎಂದು ಹೇಳಿ ಪ್ರತಿಯೊಂದು ಬೆಸುಗೆಯನ್ನೂ ಬಟ್ಟೆಯಿಂದ ಒರೆಸಿ ನೋಡಿದರು. ಬಿರುಕು ಕಾಣಲಿಲ್ಲ. ದೇವರು ದೊಡ್ಡವನು.

ಅಳತೆ ತಪ್ಪಾದದ್ದನ್ನು ಕೈತಪ್ಪೆಂದು ಹೇಗೋ ನಂಬಬಹುದಿತ್ತು. ಮುಂದಿನದು ಹಾಗಲ್ಲ. ಸರಪಳಿ ಸುತ್ತಿ ಹಿಡಿದು ಕ್ಯಾಸೆಟ್ಟಿನ ಲಾಕ್‌ರಿಂಗನ್ನು ಬಿಚ್ಚಿ, ಹಲ್ಲುಚಕ್ರಗಳನ್ನು ಹೊರತೆಗೆದಾಗ ಇಚ್ಚ ಮಾತಾಡಲಿಲ್ಲ, ನನ್ನನ್ನು ಹತ್ತಿರ ಕರೆದು ಫ್ರೀಹಬ್ಬಿನ ಮೇಲೆ ನನ್ನ ಉಗುರನ್ನು ಎಳೆಸಿದರು. ಉಗುರು ತಡೆಯಿತು. ಅಲ್ಯೂಮಿನಿಯಂ ಏಣುಗಳಲ್ಲಿ ಆಳವಾದ ಕಚ್ಚುಗಳು, ಸಾಲಾಗಿ. ವರ್ಷಗಟ್ಟಲೆ ಯಾರೋ ಏರುದಾರಿಯಲ್ಲಿ ತುಳಿದಾಗ ಹಲ್ಲುಚಕ್ರಗಳು ಕಚ್ಚಿ ಮಾಡುವ ಗುರುತು ಅದು, ಹೊಸ ಹಬ್ಬಿನಲ್ಲಿ ಇರುವುದಕ್ಕೆ ಸಾಧ್ಯವೇ ಇಲ್ಲ. ಡಿಸ್ಕ್ ಬಿಚ್ಚಿದರೆ ಆರು ಬೋಲ್ಟುಗಳ ಸುತ್ತಲೂ ಬೇರೆ ಯಾವುದೋ ಡಿಸ್ಕಿನ ಅಚ್ಚು. ಒಬ್ಬರ ಸೈಕಲ್ಲಿನಿಂದ ತೆಗೆದ ಹಳೆಯ ಹಬ್ಬಿಗೆ ಹೊಸ ರಿಮ್ಮು ಕಟ್ಟಿ, ಹೊಸ ಸ್ಟಿಕ್ಕರು ಅಂಟಿಸಿ, ಪ್ಲಾಸ್ಟಿಕ್ ಸುತ್ತಿ ಕೊಟ್ಟಿದ್ದರು. ಒಳಗಿನ ಕೋಣೆ, ಕುರ್ಚಿ, ಚಹಾ, ಎಲ್ಲದರ ಅರ್ಥವೂ ಆ ಕ್ಷಣದಲ್ಲಿ ನನಗೆ ಆಯಿತು. ಕಚ್ಚುಗಳು ಕಾಣಿಸುವುದು ಕ್ಯಾಸೆಟ್ ಏರಿಸುವವರೆಗೆ ಮಾತ್ರ. ಅಷ್ಟು ಹೊತ್ತು ನನ್ನನ್ನು ಹೊರಗೆ ಕೂರಿಸಿದ್ದರು.

ಅಲ್ಲಿಂದಲೇ ಆ ಅಂಗಡಿಗೆ ಫೋನ್ ಮಾಡಿದೆ. ‘135 ಆಗಲಿ 141 ಆಗಲಿ, ಕ್ವಿಕ್ ರಿಲೀಸ್ ಒಂದೇ ಅಲ್ಲವೇ’ ಎಂಬುದು ಮೊದಲ ಉತ್ತರ. ಒಂದೇ ಆಗಿದ್ದರೆ ನಾನು 135 ಎಂದು ಎರಡು ಸಲ ಬರೆದದ್ದೇಕೆ, ನೀವು ಒಪ್ಪಿದ್ದೇಕೆ ಎಂದು ಕೇಳಿದ್ದಕ್ಕೆ, ‘ಆರು ಮಿಲಿಮೀಟರ್ ಎಂದರೆ ಎಷ್ಟು? ಅಟ್ಲಾಸ್ ಸೈಕಲ್ಲಿಗೆ ನಾವು ಇದಕ್ಕಿಂತ ಹೆಚ್ಚು ಎಳೆದಿದ್ದೇವೆ’ ಎಂದರು. ಕಚ್ಚುಗಳ ಫೋಟೊ ಕಳುಹಿಸಿದೆ. ಅದಕ್ಕೆ ‘ಟೆಸ್ಟಿಂಗಿಗೆ ಕ್ಯಾಸೆಟ್ ಹಾಕಿ ನೋಡಿದ್ದು’ ಎಂಬ ಧ್ವನಿ ಸಂದೇಶ ಬಂತು. ಅದರ ಹಿಂದೆಯೇ ಇನ್ನೊಂದು: ‘ನಿಮ್ಮ ಮೆಕ್ಯಾನಿಕ್ಕೇ ಬಿಚ್ಚುವಾಗ ಗೀಚಿರಬೇಕು.’ ಐವತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ಇಚ್ಚನ ಎದುರಿಗೇ ಅದು ಜೋರಾಗಿ ಕೇಳಿಸಿತು. ಅವರು ತಲೆಯೆತ್ತಲಿಲ್ಲ. ನನಗೆ ಹಣ ಹೋದದ್ದಕ್ಕಿಂತ ಆ ಮಾತು ಹೆಚ್ಚು ನೋವು ಮಾಡಿತು.

ಮರುದಿನ ಚಕ್ರವನ್ನು ಹಿಡಿದುಕೊಂಡು ಬಸ್ಸಿನಲ್ಲಿ ಹೋದೆ. ಹಣ ಕೊಡುವವರೆಗೆ ‘ಅಣ್ಣಾ’ ಎನ್ನುತ್ತಿದ್ದವರು ಅಂದು ಒಮ್ಮೆಯೂ ಹಾಗೆನ್ನಲಿಲ್ಲ. ಗೋಡೆಯ ಮೇಲೆ ಮಲಯಾಳದಲ್ಲಿ ಬರೆದಿದ್ದ ಫಲಕವನ್ನು ಬೆರಳಿನಿಂದ ತೋರಿಸಿದರು. ಮಲಯಾಳ ನನಗೆ ಮಾತಾಡಲು ಬರುತ್ತದೆ, ಕನ್ನಡ ಶಾಲೆಯಲ್ಲಿ ಕಲಿತವನಾದ್ದರಿಂದ ಓದುವುದು ನಿಧಾನ. ಅಕ್ಷರ ಕೂಡಿಸಿಕೊಂಡು ಓದುತ್ತ ನಿಂತಿದ್ದಾಗ ಅಂಗಡಿಯ ಹುಡುಗರಿಬ್ಬರು ನನ್ನನ್ನೇ ನೋಡುತ್ತಿದ್ದರು. ಮಾರಿದ ವಸ್ತುವನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದಿತ್ತು. ‘ನೀವೇ ಕಣ್ಣೆದುರು ಕೂರಿಸಿಕೊಂಡು ಹೋದದ್ದಲ್ಲವೇ, ಕೂತಿತ್ತಲ್ಲ’ ಎಂದರು. ಮತ್ತೆ ಅದೇ ಮಾತು. ಎಳೆದು ನೂಕಿದ್ದನ್ನು ಕೂತದ್ದು ಎನ್ನುತ್ತಾರೆಯೇ? ನಾನು ಅದನ್ನೇ ಕೇಳಿದೆ, ಉತ್ತರ ಬರಲಿಲ್ಲ.

ಆ ಫಲಕವನ್ನು ನೋಡಿ ಯಾರೂ ಹಿಂದಿರುಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ 30 ದಿನಗಳೊಳಗೆ, ಹಿಂದೆ ತೆಗೆದುಕೊಳ್ಳಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ನಾನು ಕಾಸರಗೋಡಿನ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಆದರೆ ನನ್ನ ಕೈಯಲ್ಲಿರುವುದು ತಾರೀಕಿಲ್ಲದ ಚೀಟಿ, ಹಣ ಹೋದ ದಾಖಲೆ ಮತ್ತು 135 ಎಂದು ಬರೆದ ಆ ಸಂದೇಶ ಮಾತ್ರ. ಸರಿಯಾದ ಬಿಲ್ಲು ಇದ್ದಿದ್ದರೆ ಇಷ್ಟು ವಿವರಿಸುವ ಅಗತ್ಯವೇ ಇರುತ್ತಿರಲಿಲ್ಲ.

ಆದ್ದರಿಂದ ಚಕ್ರ ಕೊಳ್ಳುವವರು ಹದಿನೈದು ರೂಪಾಯಿಯ ಸ್ಟೀಲ್ ಸ್ಕೇಲನ್ನು ಜೊತೆಗೇ ಒಯ್ಯಿರಿ, ಫ್ರೇಮನ್ನಷ್ಟೇ ಅಲ್ಲ, ಹಬ್ಬನ್ನೂ ಅಂಗಡಿಯಲ್ಲಿಯೇ ಅಳೆಯಿರಿ. ಕ್ಯಾಸೆಟ್ ಹಾಕುವ ಮೊದಲು ಬರಿಯ ಫ್ರೀಹಬ್ಬನ್ನು ಬೆಳಕಿಗೆ ಹಿಡಿದು ನೋಡಿರಿ. ಹಬ್ಬಿನ ಅಗಲವನ್ನು ಬಿಲ್ಲಿನಲ್ಲಿ ಬರೆಸಿರಿ, ಬರೆಯಲು ಒಪ್ಪದವರಲ್ಲಿ ಕೊಳ್ಳಬೇಡಿ. ಒಳಗಿನ ಕೋಣೆಗೆ ಒಯ್ದರೆ ನೀವೂ ಹಿಂದೆಯೇ ಹೋಗಿ, ಚಹಾ ಆಮೇಲೆ ಕುಡಿಯಬಹುದು.

ಇಚ್ಚ ನನಗೆ 135ರ ಹೊಸ ಹಬ್ಬು ತರಿಸಿ, ಹೊಸ ರಿಮ್ಮಿಗೆ ಒಂದೊಂದೇ ಕಡ್ಡಿ ಏರಿಸಿ ಎರಡು ದಿನಗಳಲ್ಲಿ ಚಕ್ರ ಕಟ್ಟಿ ಕೊಟ್ಟರು. ಸಾಮಾನಿನ ಬಿಲ್ಲುಗಳನ್ನು ಎದುರಿಗಿಟ್ಟು, ಕೂಲಿ ಸೇರಿಸಿ 5,200 ರೂಪಾಯಿ ತೆಗೆದುಕೊಂಡರು. ಆ ಚಕ್ರವನ್ನು ಫ್ರೇಮಿಗೆ ಹಾಕುವಾಗ ಯಾರೂ ಏನನ್ನೂ ಎಳೆಯಬೇಕಾಗಲಿಲ್ಲ, ಅದು ತಾನಾಗಿ ಇಳಿದು ಕೂತಿತು. ಮೂರು ವಾರ ಕಾದಿದ್ದರೆ ಮೊದಲೇ ಹೀಗಾಗುತ್ತಿತ್ತು.

ಮೋಸದ ಚಕ್ರವನ್ನು ನಾನು ರಿಪೇರಿಗೂ ಕೊಟ್ಟಿಲ್ಲ, ಗುಜರಿಗೂ ಹಾಕಿಲ್ಲ. ಕಚ್ಚುಗಳು ಕಾಣುವಂತೆ ಕ್ಯಾಸೆಟ್ ಬಿಚ್ಚಿ, ಅಡಿಕೆ ಮೂಟೆಗಳ ಪಕ್ಕ ಅಟ್ಟದಲ್ಲಿ ಇಟ್ಟಿದ್ದೇನೆ, ಆಯೋಗ ಕೇಳಿದ ದಿನ ಒಯ್ಯುವುದಕ್ಕೆ. ಮೊನ್ನೆ ರಾತ್ರಿ ಆ ಅಂಗಡಿಯವರಿಂದ ಮತ್ತೊಂದು ಸಂದೇಶ ಬಂದಿದೆ: ‘ಚಕ್ರ ವಾಪಸ್ ತನ್ನಿ, ಎರಡು ಸಾವಿರ ಕೊಡುತ್ತೇನೆ, ದೂರು ತೆಗೆಯಿರಿ.’ ಚಕ್ರ ಅವರ ಕೈಗೆ ಹೋದರೆ ಅದು ಮತ್ತೆ ಪ್ಲಾಸ್ಟಿಕ್ ಸುತ್ತಿಕೊಂಡು ಇನ್ನೊಬ್ಬರಿಗೆ ಮಾರಾಟವಾಗುತ್ತದೆ. ಕೊಡುವುದಿಲ್ಲವೆಂದು ಬರೆದಿದ್ದೇನೆ. ಈ ವರ್ಷ ಆ ಕಡೆಯ ಅಂಗಡಿಗಳಲ್ಲಿ ಕಟ್ಟಿದ ಚಕ್ರ ಹಾಕಿಸಿಕೊಂಡವರು, ಬಿಚ್ಚಿ ಹಾಕುವಾಗ ಫ್ರೇಮನ್ನು ಎಳೆಯಬೇಕಾಗುತ್ತಿದ್ದರೆ, ಇಂದೇ ಹಬ್ಬನ್ನು ಅಳೆಸಿ ನೋಡಿರಿ.