1967ರ ಕಮಾರೋಗೆ ಪಿವಟ್ ಟ್ರಾಕ್ಷನ್ ಬಾರ್: ನಾಲ್ಕು ವರ್ಷ ಓಡಿಸಿದ ಮೇಲೆ

1967ರ ಶೆವ್ರೊಲೆ ಕಮಾರೋ ಇಟ್ಕೊಂಡಿರೋರಿಗೆ ಹಿಂದಿನ ಸಸ್ಪೆನ್ಷನ್ ಹೇಗಿರುತ್ತೆ ಅಂತ ಗೊತ್ತು, ಒಂದೊಂದು ಕಡೆಗೆ ಒಂದೇ ಎಲೆಯ ಲೀಫ್ ಸ್ಪ್ರಿಂಗ್, ಎರಡೂ ಶಾಕ್ ಅಬ್ಸಾರ್ಬರ್ ಆಕ್ಸಲ್ (ಹಿಂದಿನ ಚಕ್ರಗಳ ಅಚ್ಚು) ಮುಂದೇನೇ. 1968ರ ಮಾಡೆಲ್‌ನಲ್ಲಿ ಒಂದು ಶಾಕ್ ಮುಂದೆ ಇನ್ನೊಂದು ಹಿಂದೆ ಬಂತು, ಅದು ಸುಮ್ನೆ ಬಂದಿದ್ದಲ್ಲ. ಡ್ರ್ಯಾಗ್ ರೇಡಿಯಲ್ ಟೈರ್ (ಡ್ರ್ಯಾಗ್ ರೇಸಿಗೆ ಮಾಡಿದ ಜಾಸ್ತಿ ಹಿಡಿತದ ಟೈರ್) ಹಾಕಿ ಜೋರಾಗಿ ಥ್ರಾಟಲ್ ಒತ್ತಿದ್ರೆ ಆಕ್ಸಲ್ ತಿರುಚ್ಕೊಂಡು ಸ್ಪ್ರಿಂಗ್ ಎಸ್ ಆಕಾರಕ್ಕೆ ಬಗ್ಗುತ್ತೆ, ವಾಪಸ್ ನೆಟ್ಟಗಾಗುತ್ತೆ, ಮತ್ತೆ ಬಗ್ಗುತ್ತೆ. ಸೀಟಿನ ಕೆಳಗಿಂದ ಸುತ್ತಿಗೇಲಿ ಬಡಿದಂಗೆ ಇರ್ತಿತ್ತು, ಒಂದ್ಸಲ ಡ್ರೈವ್‌ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯೋ ಕೊಳವೆ) ತುದಿಯ ಯೂನಿವರ್ಸಲ್ ಜಾಯಿಂಟೇ ಮುರೀತು.

ಲ್ಯಾಡರ್ ಬಾರ್ (ಆಕ್ಸಲ್ ತಿರುಚದಂಗೆ ಹಿಡಿಯೋ ಏಣಿ ಆಕಾರದ ಬಾರ್) ಹಾಕೋ ಯೋಚನೆ ಇತ್ತು, ಆದ್ರೆ ಈ ಗಾಡೀಲೇ ದಿನಾ ಓಡಾಡ್ಬೇಕು, ಬಾಡಿ ಕೊಯ್ಯೋಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ಈ ಪಿವಟ್ ಟ್ರಾಕ್ಷನ್ ಬಾರ್ ತಗೊಂಡೆ. ಸ್ಪ್ರಿಂಗಿನ ಮುಂದಿನ ಕಣ್ಣಿನ (ಬೋಲ್ಟ್ ಕೂರೋ ತೂತಿನ) ಹತ್ರ ತಿರುಗೋ ಒಂದು ಪಿವಟ್ ಬ್ರಾಕೆಟ್, ಆಕ್ಸಲ್ ಕೆಳಗಿನ ಪ್ಲೇಟಿಂದ ಅಲ್ಲಿವರೆಗೂ ಒಂದು ಬಾರ್. ಆಕ್ಸಲ್ ತಿರುಗೋಕೆ ಹೋದಾಗ ಬಾರ್ ಪಿವಟ್‌ನ ಮುಂದಕ್ಕೆ ತಳ್ಳುತ್ತೆ, ಪಿವಟ್ ಸ್ಪ್ರಿಂಗಿನ ಮುಂಭಾಗನ ಕೆಳಗೆ ಒತ್ತುತ್ತೆ, ಸ್ಪ್ರಿಂಗ್ ಬಗ್ಗೋಕೆ ಜಾಗಾನೇ ಇರಲ್ಲ, ಆ ಬಲ ಎಲ್ಲಾ ಟೈರನ್ನ ನೆಲಕ್ಕೆ ಒತ್ತೋದಕ್ಕೆ ಹೋಗುತ್ತೆ. ಬೋಲ್ಟ್ ಹಾಕೋ ಕೆಲಸ ಅಷ್ಟೇ, ಒಂದು ದಿನದಲ್ಲಿ ಮುಗೀತು. ಚಕ್ರ ಕುಪ್ಪಳಿಸಿ ಬಡಿಯೋ ಆ ವೀಲ್ ಹಾಪ್ ಮೊದಲನೇ ದಿನಾನೇ ನಿಂತೋಯ್ತು.

ಆದ್ರೆ ಗಾಡಿ ನೆಟ್ಟಗೆ ಹೋಗೋಕೆ ಒಂದು ಸೀಸನ್ ಪೂರ್ತಿ ಬೇಕಾಯ್ತು. ಪ್ರತಿ ಲಾಂಚಲ್ಲೂ (ನಿಂತಲ್ಲಿಂದ ಜೋರಾಗಿ ಹೊರಡೋವಾಗ) ಮೂತಿ ಬಲಕ್ಕೆ ಎಳೀತಿತ್ತು. ಡ್ರೈವ್‌ಶಾಫ್ಟ್ ಟಾರ್ಕ್ ಬಲಗಡೆ ಹಿಂದಿನ ಚಕ್ರನ ಹಗುರ ಮಾಡುತ್ತೆ, ಎಡಗಡೆದು ಜಾಸ್ತಿ ಹಿಡಿದು ತಳ್ಳುತ್ತೆ, ಹಾಗಾಗಿ ಬಲಗಡೆ ಬಾರಿಗೆ ಪ್ರೀಲೋಡ್ (ಮೊದಲೇ ಸ್ವಲ್ಪ ಬಿಗಿ) ಕೊಡ್ಬೇಕು. ಕೊಟ್ಟಿದ್ದೆ, ಆದ್ರೆ ಗಾಡಿನ ಜಾಕ್ ಮೇಲೆ ಇಟ್ಕೊಂಡು ಕೊಟ್ಟಿದ್ದೆ, ಆಕ್ಸಲ್ ಜೋತಾಡ್ತಿರುವಾಗ ಅಳತೆ ಮಾಡಿ ಏನು ಉಪಯೋಗ. ಆಮೇಲೆ ನಾಲ್ಕೂ ಚಕ್ರ ನೆಲದ ಮೇಲಿಟ್ಟು, ಡ್ರೈವರ್ ಸೀಟಲ್ಲಿ ನನ್ನ ತೂಕದಷ್ಟು ಮರಳಿನ ಚೀಲ ಇಟ್ಟು, ಎರಡೂ ಬಾರನ್ನ ಕೈಯಲ್ಲಿ ತಿರುಗಿಸಿ ಸಡಿಲ ಹೋಗೋವರೆಗೂ ತಂದು, ಬಲಗಡೆದನ್ನ ಮಾತ್ರ ಸ್ಪ್ಯಾನರಲ್ಲಿ ಸ್ವಲ್ಪ ಸ್ವಲ್ಪಾನೇ ಬಿಗಿ ಮಾಡ್ತಾ ಹೋದೆ, ಗಾಡಿ ಗೆರೆ ಎಳೆದಂಗೆ ಹೊರಟಿತು. ಪಿನಿಯನ್ ಆಂಗಲ್ಲೂ (ಡ್ರೈವ್‌ಶಾಫ್ಟ್ ಬಂದು ಸೇರೋ ಆಕ್ಸಲ್ ಮೂತಿಯ ಕೋನ) ಬದಲಾಯಿಸ್ಬೇಕು, ಬರೀ ಸ್ಪ್ರಿಂಗ್ ಇದ್ದಾಗ ಡ್ರೈವ್‌ಶಾಫ್ಟಿಗಿಂತ ಸುಮಾರು 6 ಡಿಗ್ರಿ ಕೆಳಮುಖ ಇಟ್ಟಿದ್ದೆ, ಈಗ 3ಕ್ಕಿಂತ ಕಮ್ಮಿ ಸಾಕು.

ಇನ್ನೊಂದು, ಬಾರಿಗೆ ದುಡ್ಡು ಹಾಕಿ ಹಳೇ ಶಾಕನ್ನೇ ಉಳಿಸ್ಕೊಂಡ್ರೆ ಅರ್ಧ ಕೆಲಸ ಆದಂಗೆ. ಫೋನಲ್ಲಿ ಹಿಂದಿನ ಚಕ್ರದ ಸ್ಲೋ ಮೋಷನ್ ವಿಡಿಯೋ ತೆಗೆಸಿ ನೋಡ್ದೆ: ಟೈರಿನ ಪಕ್ಕದ ಗೋಡೆ ಚೆನ್ನಾಗಿ ಸುಕ್ಕುಗಟ್ಟುತ್ತೆ, ಅಷ್ಟರಲ್ಲಿ ಫೆಂಡರ್ ಸರ್ರಂತ ಮೇಲೇಳುತ್ತೆ, ಮರುಕ್ಷಣ ಸುಕ್ಕು ಬಿಚ್ಕೊಂಡು ಟೈರ್ ಸುಮ್ನೆ ತಿರುಗುತ್ತೆ. ಬಾಡಿ ಮೇಲೇಳೋ ವೇಗ ಜಾಸ್ತಿ, ಅದನ್ನ ತಡೆಯೋ ಶಾಕ್ ಇಲ್ಲ. ಅಡ್ಜಸ್ಟಬಲ್ ಶಾಕ್ ಹಾಕಿ ಎಕ್ಸ್‌ಟೆನ್ಷನ್ (ಶಾಕ್ ಉದ್ದ ಆಗೋದನ್ನ ತಡೆಯೋ ಬಿಗಿ) ಎರಡು ಕ್ಲಿಕ್ ಗಟ್ಟಿ ಮಾಡಿದ ಮೇಲೆ ಸುಕ್ಕು ಹಾಗೇ ನಿಲ್ತು, ಆ ವಿಡಿಯೋ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ರಸ್ತೆ ಮೇಲೆ ಹೇಗೆ ಅಂದ್ರೆ, ಸಾಮಾನ್ಯ ಓಡಾಟದಲ್ಲಿ ಬಾರ್ ಇರೋದೇ ಗೊತ್ತಾಗಲ್ಲ. ಡ್ರ್ಯಾಗ್ ರೇಸ್ ಸ್ಟ್ರಿಪ್ಪಿಂದ ಬಂದ ಮೇಲೆ ಪ್ರೀಲೋಡ್ ಬಿಚ್ತೀನಿ, ಟೈರ್ ಗಾಳಿ 18ರಿಂದ 28 ಪಿಎಸ್‌ಐಗೆ ಏರಿಸ್ತೀನಿ. ಮಳೇಲಿ ಓಡಿಸಿದ್ರೆ ಬಾರ್ ತುದಿಯ ಕೀಲು, ಅಂದ್ರೆ ರಾಡ್ ಎಂಡ್, ಕಿರುಗುಟ್ಟುತ್ತೆ, ಗ್ರೀಸ್ ಹಚ್ಲೇಬೇಕು, ಮೂರನೇ ವರ್ಷಕ್ಕೆ ಒಂದು ಜೊತೆ ಬದಲಾಯಿಸ್ದೆ. ಸ್ಪ್ರಿಂಗನ್ನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಹೊಸದಾಗಿ ಹಾಕಿದವರು ಮೊದಲೆರಡು ರನ್ ಆದ್ಮೇಲೆ ಟಾರ್ಕ್ ವ್ರೆಂಚ್ ಹಾಕಿ ನೋಡಿ, ನಂದು ನಿಜವಾಗ್ಲೂ ಸಡಿಲ ಆಗಿತ್ತು.

ಇನ್ನೊಂದು ಲೀಫ್ ಸ್ಪ್ರಿಂಗ್ ಗಾಡಿ ಕಟ್ಟಿದ್ರೆ ಇದನ್ನೇ ಹಾಕ್ತೀನಿ, ಈ ಸಲ ಶಾಕೂ ಅದೇ ದಿನಾನೇ.