ಚಾಪ್ಲಿನ್ ಡಿವಿಡಿ ಸೆಟ್: ಕುಡುಕನ ಪಾರ್ಟು ಮಾಡುವವರು ನೋಡಲೇಬೇಕು

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಒಂದು ಅಂಗಡಿಯಲ್ಲಿ ಹಳೇ ಸ್ಟಾಕು ಅಂತ ಅರ್ಧ ರೇಟಿಗೆ ಕೊಟ್ಟರು. ಚಾರ್ಲಿ ಚಾಪ್ಲಿನ್ 1916–17ರಲ್ಲಿ ಮ್ಯೂಚುಯಲ್ ಕಂಪನಿಗೆ ಮಾಡಿದ 12 ಕಿರುಚಿತ್ರಗಳು, ಜೊತೆಗೊಂದು ತೆಳು ಪುಸ್ತಕ. ನಾನು ಹಾವೇರಿ ಕಡೆ ಜಾತ್ರೆ ನಾಟಕಗಳಲ್ಲಿ ಹಾಸ್ಯಪಾತ್ರ ಮಾಡುವವನು. ನೋಡಿದ್ದೂ ಅದೇ ಕಣ್ಣಿನಿಂದ.

'ಒನ್ ಎ.ಎಂ.' ಒಂದಕ್ಕೇ ದುಡ್ಡು ವಸೂಲು. ಕುಡಿದು ಮನೆಗೆ ಬಂದವನಿಗೆ ಕೀಲಿಕೈ ಸಿಗುವುದಿಲ್ಲ. ಕಿಟಕಿಯಿಂದ ಒಳಗೆ ಇಳಿಯುತ್ತಾನೆ. ಇಳಿದ ಮೇಲೆ ಕೀಲಿಕೈ ಸಿಗುತ್ತದೆ. ತಿರುಗಿ ಕಿಟಕಿಯಿಂದಲೇ ಹೊರಗೆ ಬಂದು, ಬಾಗಿಲು ತೆಗೆದು, ಮರ್ಯಾದಸ್ಥನ ಹಾಗೆ ಒಳಗೆ ಹೋಗುತ್ತಾನೆ! ಆಮೇಲೆ ತಿರುಗುವ ಮೇಜು, ಮೆಟ್ಟಿಲು, ಗೋಡೆಗೆ ಮಡಚುವ ಮಂಚ, ಎಲ್ಲದರ ಜೊತೆಗೂ ಜಗಳ. ಶುರುವಿನ ಟ್ಯಾಕ್ಸಿ ಡ್ರೈವರ್ ಬಿಟ್ಟರೆ ಪೂರ್ತಿ ಒಬ್ಬನೇ. ನಮ್ಮಲ್ಲಿ ಕುಡುಕ ಅಂದ್ರೆ ತೂರಾಡೋದು, ತೊದಲೋದು, ಡಬಲ್ ಮೀನಿಂಗ್, ಅಷ್ಟೇ ಅಲ್ವಾ? ಇವನು ನೆಟ್ಟಗೆ ನಿಲ್ಲಲು ಒದ್ದಾಡುತ್ತಾನೆ. ನಗು ಬರೋದೇ ಅಲ್ಲಿ.

ಈ ಕುಡುಕನ ತಾಲೀಮು ಆಗಿದ್ದು ಸ್ಟೇಜಿನ ಮೇಲೆ. ಹಾಡು, ಕುಣಿತ, ಕಸರತ್ತು, ಹಾಸ್ಯ ಎಲ್ಲ ಒಂದೇ ಟಿಕೆಟಿಗೆ ಸಿಗುತ್ತಿದ್ದ ಇಂಗ್ಲೆಂಡಿನ ಮ್ಯೂಸಿಕ್ ಹಾಲ್‌ಗಳಲ್ಲಿ ಚಾಪ್ಲಿನ್ನನ ಅಪ್ಪ ಅವ್ವ ಇಬ್ಬರೂ ಹಾಡುತ್ತಿದ್ದರು. 1908ರಲ್ಲಿ ಚಾಪ್ಲಿನ್ ಫ್ರೆಡ್ ಕಾರ್ನೋ ಎಂಬವನ ಹಾಸ್ಯನಾಟಕ ಕಂಪನಿ ಸೇರಿದ. ಅಲ್ಲಿ ಸಿಕ್ಕಿದ್ದು, ಸ್ಟೇಜಿನ ಪಕ್ಕದ ಬಾಕ್ಸಿನಲ್ಲಿ ಕೂತು ಆಟ ಕೆಡಿಸುವ ಕುಡುಕ ಪ್ರೇಕ್ಷಕನ ಪಾರ್ಟು. ಅದೇ ಪಾರ್ಟು ಅಮೆರಿಕದಲ್ಲೂ ಹೆಸರು ಮಾಡಿತು. ಮುಂದೆ ಲಾರೆಲ್-ಹಾರ್ಡಿ ಜೋಡಿಯಲ್ಲಿ ಹೆಸರಾದ ಸ್ಟ್ಯಾನ್ ಲಾರೆಲ್ ಆಗ ಅದೇ ತಂಡದಲ್ಲಿ ಇವನ ಬದಲಿ ನಟ. 1913ರ ಕೊನೆಗೆ ಕೀಸ್ಟೋನ್ ಸಿನಿಮಾ ಕಂಪನಿ ಸೇರಿದಾಗ ವಾರಕ್ಕೆ 150 ಡಾಲರ್. 1916ರಲ್ಲಿ ಮ್ಯೂಚುಯಲ್ ಕೊಟ್ಟಿದ್ದು ವರ್ಷಕ್ಕೆ 6,70,000 ಡಾಲರ್! ಪುಸ್ತಕ ಬರೆದವರು ಸ್ಟೇಜಿನ ವರ್ಷಗಳನ್ನು ಐದಾರು ಸಾಲಿನಲ್ಲಿ ಮುಗಿಸಿ, ಮದುವೆಗಳಿಗೆ ಎರಡು ಪುಟ ಕೊಟ್ಟಿದ್ದಾರೆ. ಯಾರಿಗೆ ಬೇಕ್ರೀ ಅದು?

ಇನ್ನೊಂದು ತಕರಾರು ಸಂಗೀತದ್ದು. ಒಂದೇ ಪಿಯಾನೋ ಟ್ಯೂನನ್ನು ಎಲ್ಲ ಚಿತ್ರಕ್ಕೂ ಸುಮ್ನೆ ಅಂಟಿಸಿದ್ದಾರೆ. ಅವನು ಬೀಳುವ ಟೈಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಸೌಂಡ್ ಬಂದ್ ಮಾಡಿ ನೋಡಿದರೆ ಕಾಲಿನ ಲಯ ಚೆನ್ನಾಗಿ ಗೊತ್ತಾಗುತ್ತದೆ. 1952ರ 'ಲೈಮ್‌ಲೈಟ್' ಈ ಸೆಟ್ಟಿನಲ್ಲಿಲ್ಲ. ಜನ ಮರೆತ ಮ್ಯೂಸಿಕ್ ಹಾಲ್ ಹಾಸ್ಯಗಾರನ ಕಥೆ ಅದು, ಬೇರೆ ಕೊಳ್ಳಬೇಕು.

ಮನೆಯಲ್ಲಿ ಮಕ್ಕಳಿದ್ದರೆ ಮೊದಲು 'ದಿ ರಿಂಕ್' ಹಾಕಿ. ಹೋಟೆಲ್ ಮಾಣಿಯಾಗಿ, ಆಮೇಲೆ ಸ್ಕೇಟಿಂಗ್ ಚಕ್ರದ ಮೇಲೆ ಚಾಪ್ಲಿನ್ ಮಾಡುವ ಗಲಾಟೆಗೆ ನಮ್ಮ ಮನೆ ಹುಡುಗರು ಊಟಕ್ಕೂ ಏಳಲಿಲ್ಲ.